ಕೆರೆ, ಬೋರು, ಅಡಿಕೆ: ಶಿಕಾರಿಪುರ ಮತ್ತು ಸೊರಬದ ನೀರಿನ ಲೆಕ್ಕ

ಮೊದಲು ಫೋನಿನಲ್ಲಿ ಮ್ಯಾಪ್ ತೆಗೆದು ಸ್ಯಾಟಲೈಟ್ ನೋಟಕ್ಕೆ ಹಾಕಿ, ಸೊರಬ ಅಂತ ಹುಡುಕಿ. ಊರಿಂದ ಯಾವ ದಿಕ್ಕಿಗೆ ಸರಿಸಿದರೂ ಒಂದು ಕೆರೆ ಸಿಗುತ್ತೆ. ಅದರ ಕೆಳಗೆ ಇನ್ನೊಂದು, ಪಕ್ಕದ ತಗ್ಗಿನಲ್ಲಿ ಮತ್ತೊಂದು. ಹಾಗೇ ಪೂರ್ವಕ್ಕೆ ಶಿಕಾರಿಪುರದ ಕಡೆ ಬಂದರೂ ಇದೇ ಚಿತ್ರ. ಎರಡು ತಾಲ್ಲೂಕು ಸೇರಿ ನೂರಾರು ಕೆರೆಗಳಿವೆ. ಇಷ್ಟು ಕೆರೆ ಇರೋ ಜಾಗದಲ್ಲಿ ಮಾರ್ಚ್ ಬಂತು ಅಂದ್ರೆ ಬೋರ್ ಲಾರಿಗಳ ಸದ್ದು ಯಾಕೆ ಕೇಳಬೇಕು? ಈ ಪಾಠದಲ್ಲಿ ನಾವು ಆ ಪ್ರಶ್ನೆಗೆ ಉತ್ತರ ಹುಡುಕೋಣ. ಗಾಬರಿ ಬೇಡ. ಗುಣಾಕಾರ, ಭಾಗಾಕಾರ, ಜೊತೆಗೆ ಎರಡನೇ ವರ್ಷದ ಫ್ಲೂಯಿಡ್ ಮೆಕ್ಯಾನಿಕ್ಸ್‌ನ ಎರಡು ಸೂತ್ರ ಇದ್ದರೆ ಸಾಕು.

ಸ್ವಲ್ಪ ಭೂಗೋಳ. ಪಶ್ಚಿಮದಲ್ಲಿ ಚಂದ್ರಗುತ್ತಿ ಕಡೆ ಮಲೆನಾಡಿನ ಮಳೆ. ಪೂರ್ವಕ್ಕೆ ಬಂದಂತೆ ಮಳೆ ಕಮ್ಮಿಯಾಗುತ್ತಾ, ಶಿಕಾರಿಪುರ ದಾಟುವಷ್ಟರಲ್ಲಿ ಹಿರೇಕೆರೂರಿನ ಬಯಲು ಶುರು. ಹೀಗಾಗಿ ಇದನ್ನ ಅರೆಮಲೆನಾಡು ಅಂತಾರೆ. ವರದಾ, ದಂಡಾವತಿ, ಕುಮುದ್ವತಿ ಇಲ್ಲಿ ಹರಿಯೋ ಹೊಳೆಗಳು. ಕುಮುದ್ವತಿಗೆ ಅಂಜನಾಪುರದಲ್ಲಿ ಜಲಾಶಯವೂ ಇದೆ. ಆದರೆ ಇವು ಮಳೆಗಾಲದ ಹೊಳೆಗಳು. ಬೇಸಿಗೆಯಲ್ಲಿ ಸೊರಗಿ ಹೋಗುತ್ತವೆ. ನಾಲ್ಕು ತಿಂಗಳಲ್ಲಿ ಬೀಳೋ ನೀರನ್ನ ಹನ್ನೆರಡು ತಿಂಗಳಿಗೆ ಹಂಚಿಕೊಳ್ಳಬೇಕು ಅನ್ನೋದೇ ಈ ನೆಲದ ಸಮಸ್ಯೆ. ಅದಕ್ಕೆ ಹಿಂದಿನವರು ಕಂಡುಕೊಂಡ ಉತ್ತರ ಕೆರೆ.

ಈ ಉತ್ತರ ಎಷ್ಟು ಹಳೇದು ಅಂದ್ರೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ಹೋಗಿ ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಲ್ಲಿನ ಕಂಬ ನೋಡಬೇಕು. ಐದನೇ ಶತಮಾನದ ಸಂಸ್ಕೃತ ಶಾಸನ, ಬರೆದ ಕವಿ ಕುಬ್ಜ. ಕದಂಬರ ಮಯೂರಶರ್ಮನ ಕಥೆಗೆ ಆಧಾರ ಅಂತ ನಾವೆಲ್ಲ ಹೈಸ್ಕೂಲಿನಲ್ಲಿ ಓದಿದ್ದು ಇದನ್ನೇ. ಆದರೆ ಆ ಶಾಸನ ಹುಟ್ಟಿದ್ದಕ್ಕೆ ಕಾರಣ ಒಂದು ಕೆರೆ. ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ, ಅವನ ಮಗ ಶಾಂತಿವರ್ಮನ ಕಾಲದಲ್ಲಿ ಅದನ್ನ ಕಲ್ಲಿನಲ್ಲಿ ಬರೆಸಿದರು. ವಂಶದ ಕಥೆಯೆಲ್ಲ ಪೀಠಿಕೆ, ವಿಷಯ ಕೆರೆ! ಪಠ್ಯಪುಸ್ತಕದವರು ಪೀಠಿಕೆಯನ್ನ ಇಟ್ಟುಕೊಂಡು ವಿಷಯ ಬಿಟ್ಟರು ಅಂತ ನಮಗನ್ನಿಸುತ್ತೆ.

ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿಕಾರಿಪುರದ ಶಾಸನಗಳು 7ನೇ ಸಂಪುಟದಲ್ಲಿವೆ, ಸೊರಬದವು 8ನೇ ಸಂಪುಟದಲ್ಲಿವೆ. ಕನ್ನಡನಾಡಿನ ಶಾಸನಗಳಲ್ಲಿ ಕೆರೆಗೆ ಸಂಬಂಧಿಸಿದ ಎರಡು ಪದಗಳನ್ನ ಎಂಜಿನಿಯರಿಂಗ್ ಓದುವವರು ತಿಳಿದಿರಬೇಕು. ಒಂದು ‘ಬಿತ್ತುವಟ್ಟ’, ಕೆರೆಯ ಕೆಳಗಿನ ಬೆಳೆ ಅಥವಾ ಭೂಮಿಯಲ್ಲಿ ಕೆರೆಯ ನಿರ್ವಹಣೆಗೆ ಅಂತಲೇ ಎತ್ತಿಟ್ಟ ಪಾಲು. ಇನ್ನೊಂದು ‘ಕಟ್ಟುಗೊಡಗೆ’, ಕೆರೆ ಕಟ್ಟಿದವರಿಗೆ ಅಥವಾ ಒಡೆದದ್ದನ್ನ ಸರಿಮಾಡಿದವರಿಗೆ ಕೊಡುತ್ತಿದ್ದ ಜಮೀನು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪ್ರಾಜೆಕ್ಟ್ ರಿಪೋರ್ಟಿನಲ್ಲೇ ಮೇಂಟೆನೆನ್ಸ್ ಬಜೆಟ್ ಸೇರಿತ್ತು. ಕೆರೆಯಿಂದ ಯಾರಿಗೆ ಲಾಭವೋ ಅವರ ಗದ್ದೆಯಿಂದಲೇ ಕೆರೆಗೆ ಖರ್ಚು. ಈ ಮಾತನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕೆರೆ ಕೆಲಸ ಮಾಡೋ ಬಗೆ. ಏರಿ ಅಂದ್ರೆ ಮಣ್ಣಿನ ಅಣೆಕಟ್ಟು, ನೀರಿನ ಕಡೆ ಮೈಗೆ ಅಲೆ ಹೊಡೆತ ತಡೆಯೋಕೆ ಕಲ್ಲಿನ ಕಟ್ಟಣೆ. ತೂಬು ಅಂದ್ರೆ ಏರಿಯ ಅಡಿಯಲ್ಲಿ ನೀರು ಬಿಡುವ ಕಿಂಡಿ. ಎರಡು ಕಲ್ಲಿನ ಕಂಬ, ನಡುವೆ ಅಡ್ಡ ಹಾಸುಗಲ್ಲು, ತೂತಿಗೆ ಬೆಣೆ. ಬೆಣೆ ಎತ್ತಿದಷ್ಟು ನೀರು. ಇಲ್ಲಿ ಟಾರಿಚೆಲ್ಲಿಯ ಸೂತ್ರ ಹಾಕಿ ನೋಡಿ: ನೀರಿನ ವೇಗ ಎತ್ತರದ ವರ್ಗಮೂಲಕ್ಕೆ ತಕ್ಕಂತೆ ಹೋಗುತ್ತೆ. ತೂಬಿನ ಮೇಲೆ 4 ಮೀಟರ್ ನೀರಿದ್ದದ್ದು 1 ಮೀಟರ್‌ಗೆ ಇಳಿದರೆ, ಅದೇ ತೂತಿನಿಂದ ಬರುವ ನೀರು ಅರ್ಧ ಆಗುತ್ತೆ. ಆದರೆ ಗದ್ದೆಗೆ ಬೇಕಾದ ನೀರು ಅರ್ಧ ಆಗಲ್ಲವಲ್ಲ! ಬೆಣೆಯನ್ನ ಯಾವಾಗ ಎಷ್ಟು ಎತ್ತಬೇಕು, ಮೊದಲ ಸರದಿ ಯಾರ ಗದ್ದೆಗೆ ಅನ್ನೋದನ್ನ ನೋಡಿಕೊಳ್ಳೋಕೆ ನೀರುಗಂಟಿ ಅಂತ ಒಬ್ಬ ಇರುತ್ತಿದ್ದ. ವರ್ಗಮೂಲ ಗೊತ್ತಿಲ್ಲದೆ ವರ್ಗಮೂಲದ ಕೆಲಸ ಮಾಡುತ್ತಿದ್ದವನು ಅವನು.

ಕೋಡಿಯನ್ನ ಬೇರೆಯಾಗೇ ಹೇಳಬೇಕು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಹೋಗುವ ಜಾಗ ಅದು. ಕೋಡಿಯ ಎತ್ತರವೇ ಕೆರೆಯ ಎತ್ತರ. ಅದರ ಮೇಲೆ ಮರಳಿನ ಚೀಲ ಇಟ್ಟು ಒಂದಡಿ ಏರಿಸಿದರೆ ಏನಾಗುತ್ತೆ? ಮೂರು ಕೆಲಸ ಒಟ್ಟಿಗೆ ಆಗುತ್ತೆ. ಹಿನ್ನೀರಿನಲ್ಲಿರೋರ ಗದ್ದೆ ಮುಳುಗುತ್ತೆ. ಏರಿಯ ಮೇಲೆ ನೀರಿನ ಒಟ್ಟು ಬಲ ಹೆಚ್ಚಾಗುತ್ತೆ, ಅದೂ ಎತ್ತರದ ವರ್ಗಕ್ಕೆ ತಕ್ಕಂತೆ. ಮೂರನೇದು, ಕೆಳಗಿನ ಕೆರೆಗೆ ಹೋಗಬೇಕಾದ ನೀರು ತಡವಾಗುತ್ತೆ. ಯಾಕಂದ್ರೆ ಈ ಕೆರೆಯ ಕೋಡಿ ನೀರು ಅಂದ್ರೆ ಕೆಳಗಿನ ಕೆರೆಯ ಆದಾಯ. ಒಂದೇ ಹಳ್ಳದ ಸಾಲಿನಲ್ಲಿ ಸರಪಳಿ ಹಾಗೆ ಕೆರೆ ಕಟ್ಟಿರುವಾಗ ‘ನಮ್ಮ ಕೆರೆ’ ಅನ್ನೋದು ಅರ್ಧ ಸತ್ಯ.

ಇಷ್ಟು ತಿಳಿದ ಮೇಲೆ ಗದ್ದೆಗೆ ಇಳಿಯೋಣ. 1 ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ಒಂದು ಎಕರೆ ಅಂದ್ರೆ ಸುಮಾರು 4,000 ಚದರ ಮೀಟರ್. ಲೆಕ್ಕಕ್ಕೆ ಸುಲಭ ಆಗಲಿ ಅಂತ ವರ್ಷಕ್ಕೆ 1,000 ಮಿ.ಮೀ. ಮಳೆ ಇಟ್ಟುಕೊಂಡರೆ ಎಕರೆಗೆ 40 ಲಕ್ಷ ಲೀಟರ್, ಅಂದ್ರೆ 5,000 ಲೀಟರ್‌ನ 800 ಟ್ಯಾಂಕರ್, ಆಕಾಶದಿಂದ ಬಿಟ್ಟಿ.

ಭತ್ತಕ್ಕೆ ಒಂದು ಬೆಳೆಗೆ ಸುಮಾರು 1,200 ಮಿ.ಮೀ. ನೀರು ಬೇಕು ಅಂದುಕೊಳ್ಳಿ, ಎಕರೆಗೆ 48 ಲಕ್ಷ ಲೀಟರ್. ಅಡಿಕೆಗೆ? ಒಂಬತ್ತಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಶಿಫಾರಸು ಹೀಗಿದೆ: ಬುಡಕ್ಕೆ ಹಾಯಿಸೋದಾದ್ರೆ ಮರಕ್ಕೆ ಪ್ರತಿ ಸಲ 175 ಲೀಟರ್, ಚಳಿಗಾಲದಲ್ಲಿ ವಾರಕ್ಕೊಮ್ಮೆ, ಬಿಸಿಲೇರಿದ ಮೇಲೆ ಮೂರರಿಂದ ಐದು ದಿನಕ್ಕೊಮ್ಮೆ. ಡಿಸೆಂಬರ್‌ನಿಂದ ಮೇವರೆಗೆ ನಾವು ಕೂಡಿಸಿದಾಗ ಸುಮಾರು 37 ಸಲ ಬಂತು, ಎಕರೆಗೆ 35 ಲಕ್ಷ ಲೀಟರ್. ಡ್ರಿಪ್ ಹಾಕಿ ಮರಕ್ಕೆ ದಿನಕ್ಕೆ 20 ಲೀಟರ್ ಕೊಟ್ಟರೆ ಅದೇ ಆರು ತಿಂಗಳಿಗೆ 20 ಲಕ್ಷ ಲೀಟರ್.

ಹಾಗಾದ್ರೆ ಅಡಿಕೆಯೇ ಒಳ್ಳೇದಲ್ವಾ, ಭತ್ತದ ಅರ್ಧಕ್ಕಿಂತ ಕಮ್ಮಿ ನೀರು? ಲೆಕ್ಕ ಇಲ್ಲಿಗೇ ನಿಲ್ಲಿಸಿದರೆ ಹೌದು. ಆದರೆ ಕ್ಯಾಲೆಂಡರ್ ಪಕ್ಕದಲ್ಲಿಟ್ಟು ನೋಡಿ. ಭತ್ತದ 48 ಲಕ್ಷ ಲೀಟರ್‌ನಲ್ಲಿ ದೊಡ್ಡ ಪಾಲು ಗದ್ದೆ ಮೇಲೇ ಬೀಳೋ ಮಳೆ. ಮಳೆ ಕೈಕೊಟ್ಟ ವಾರಗಳಲ್ಲಿ ಕೆರೆ ತೂಬು ತೆರೆದು ಉಳಿದದ್ದನ್ನ ತುಂಬುತ್ತಿತ್ತು. ಅಡಿಕೆಯ 20 ಲಕ್ಷ ಲೀಟರ್ ಬೇಕಾಗೋದು ಮಳೆ ನಿಂತ ಮೇಲೆ, ಕೆರೆ ತಳ ಕಾಣೋ ತಿಂಗಳುಗಳಲ್ಲಿ. ಅದು ಬರೋದು ನೆಲದ ಕೆಳಗಿನಿಂದ. ಭತ್ತದ ನೀರು ಎಲ್ಲರ ಕೆರೆಯದ್ದು, ಅಡಿಕೆಯ ನೀರು ಅವರವರ ಬೋರಿನದ್ದು. ‘ಎಷ್ಟು ನೀರು’ ಅಂತ ಕೇಳಿದಾಗ ಸಿಗದ ಉತ್ತರ, ‘ಯಾವಾಗ, ಎಲ್ಲಿಂದ’ ಅಂತ ಕೇಳಿದಾಗ ಸಿಗುತ್ತೆ.

ಇನ್ನೊಂದು ಸಂಗತಿ ನಾವು ಲೆಕ್ಕ ಹಾಕೋವರೆಗೂ ಹೊಳೆದಿರಲಿಲ್ಲ. ಬದು ಕಟ್ಟಿ ನೀರು ನಿಲ್ಲಿಸಿದ ಭತ್ತದ ಗದ್ದೆಯೇ ಒಂದು ಸಣ್ಣ ಕೆರೆ. ದಿನಕ್ಕೆ 2 ಮಿ.ಮೀ. ಮಾತ್ರ ಇಂಗಿದರೂ 100 ದಿನಕ್ಕೆ 200 ಮಿ.ಮೀ., ಎಕರೆಗೆ 8 ಲಕ್ಷ ಲೀಟರ್ ನೆಲಕ್ಕೆ ಹೋಗುತ್ತೆ. ಅಡಿಕೆಗೆ ಬುಡದಲ್ಲಿ ನೀರು ನಿಂತರೆ ಆಗಲ್ಲ, ಬೇರು ಕೊಳೆಯುತ್ತೆ. ಹಾಗಾಗಿ ಗದ್ದೆ ತೋಟ ಆದ ಕೂಡಲೇ ಬಸಿಗಾಲುವೆ ತೆಗೆದು ಮಳೆ ನೀರನ್ನ ಆದಷ್ಟು ಬೇಗ ಹೊರಗೆ ಕಳಿಸ್ತಾರೆ. ತಪ್ಪೇನಿಲ್ಲ, ಮರಕ್ಕೆ ಅದು ಬೇಕು. ಆದರೆ ಒಟ್ಟು ಲೆಕ್ಕ ಏನಾಯ್ತು ಅಂದ್ರೆ ಜುಲೈನಲ್ಲಿ ನೆಲಕ್ಕೆ ಹಾಕುತ್ತಿದ್ದ ಜಮೆ ನಿಂತು, ಏಪ್ರಿಲ್‌ನಲ್ಲಿ ತೆಗೆಯೋ ಖರ್ಚು ಶುರುವಾಯ್ತು. ಒಂದೇ ಖಾತೆ, ಎರಡೂ ಕಡೆಯಿಂದ ಹೊಡೆತ.

ಮೇಲಿಂದ, ಭತ್ತಕ್ಕೆ ಮಳೆ ಹೋದರೆ ಒಂದು ವರ್ಷದ ಬೆಳೆ ಹೋಯ್ತು, ದೊಡ್ಡ ಕಷ್ಟವೇ, ಆದರೆ ಮುಂದಿನ ವರ್ಷ ಮತ್ತೆ ನಾಟಿ ಮಾಡಬಹುದು. ಅಡಿಕೆ ಸಸಿ ಫಸಲು ಕೊಡೋಕೇ ಐದಾರು ವರ್ಷ ಬೇಕು. ಒಂದು ಏಪ್ರಿಲ್ ನೀರು ತಪ್ಪಿದರೆ ಅಷ್ಟೂ ವರ್ಷದ ಸಾಲ, ಶ್ರಮ ಒಣಗುತ್ತೆ. ಅದಕ್ಕೇ ತೋಟ ಇರೋರು ಬೋರು ಬತ್ತಿದರೆ ಸುಮ್ಮನೆ ಕೂರೋಕಾಗಲ್ಲ, ಇನ್ನೊಂದು ಕೊರೆಸಲೇಬೇಕು. ಇದನ್ನ ದುರಾಸೆ ಅಂತ ಪೇಟೆಯಲ್ಲಿ ಕೂತು ಹೇಳೋದು ಸುಲಭ.

ಬೋರಿನ ‘ಇಂಚು’ ನೋಡೋಣ, ಇದು ನಮಗೆ ಬಹಳ ಇಷ್ಟವಾದ ಭಾಗ. ‘ಎರಡು ಇಂಚು ನೀರು ಬಿತ್ತು’ ಅಂತ ಹೇಳೋದನ್ನ ಕೇಳಿರ್ತೀರಿ. ಬೋರ್ ಕೊರೆದ ಮೇಲೆ ಬರುವ ನೀರನ್ನ ವಿ-ನಾಚ್ ಹಲಗೆಯ ಮೇಲೆ ಹರಿಸಿ, ಮೂಲೆಯಿಂದ ಎಷ್ಟು ಎತ್ತರ ನಿಂತಿದೆ ಅಂತ ಅಳೀತಾರೆ. ನಮ್ಮ ಲ್ಯಾಬಿನಲ್ಲಿರೋ ಅದೇ ವಿ-ನಾಚ್. 90 ಡಿಗ್ರಿ ನಾಚ್‌ಗೆ ಡಿಸ್ಚಾರ್ಜ್ ಎತ್ತರದ ಎರಡೂವರೆ ಘಾತಕ್ಕೆ ತಕ್ಕಂತೆ ಬದಲಾಗುತ್ತೆ. ಅಂದ್ರೆ ಎರಡು ಇಂಚು ಒಂದು ಇಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತ ಜಾಸ್ತಿ! ಒಂದು ಇಂಚಿಗೆ ಗಂಟೆಗೆ ಸುಮಾರು 500 ಲೀಟರ್, ಒಂದೂವರೆಗೆ 1,400, ಎರಡಕ್ಕೆ 2,900. ಇದನ್ನೇ ತಿರುಗಿಸಿ ನೋಡಿ. ‘ಎರಡಿದ್ದದ್ದು ಒಂದೂವರೆ ಆಗಿದೆ’ ಅಂದಾಗ ಕಿವಿಗೆ ಕಾಲುಭಾಗ ಕಮ್ಮಿ ಆದ ಹಾಗೆ ಕೇಳುತ್ತೆ. ನಿಜದಲ್ಲಿ ಅರ್ಧ ನೀರು ಹೋಗಿದೆ.

ಒಂದು ಎಕರೆ ತೋಟದ ಡ್ರಿಪ್‌ಗೆ ದಿನಕ್ಕೆ 11,000 ಲೀಟರ್. ಎರಡು ಇಂಚಿನ ಬೋರಿದ್ದರೆ ನಾಲ್ಕು ಗಂಟೆ ಮೋಟ್ರು ಓಡಿದರೆ ಆಯ್ತು. ಒಂದೂವರೆ ಇಂಚಿಗೆ ಇಳಿದರೆ ಸುಮಾರು ಎಂಟು ಗಂಟೆ. ತ್ರೀ-ಫೇಸ್ ಕರೆಂಟ್ ಏಳು ಗಂಟೆ ಸಿಕ್ಕಿತು ಅಂದುಕೊಂಡರೂ ಒಂದು ಎಕರೆ ಮುಗಿಯಲ್ಲ. ಅರ್ಧ ಇಂಚಿನ ವ್ಯತ್ಯಾಸ ತೋಟ ಉಳಿಯುತ್ತೋ ಇಲ್ಲವೋ ಅಂತ ತೀರ್ಮಾನ ಮಾಡುತ್ತೆ.

ಇದಕ್ಕೆಲ್ಲ ಡ್ರಿಪ್ಪೇ ಮದ್ದು ಅಂತ ನಾವು ಹೇಳಬಹುದಿತ್ತು. ನಮ್ಮ ಕಾಲೇಜುಗಳಲ್ಲಿ ವರ್ಷವೂ ಒಂದಾದರೂ ‘ಸ್ಮಾರ್ಟ್ ಇರಿಗೇಷನ್’ ಪ್ರಾಜೆಕ್ಟ್ ಇದ್ದೇ ಇರುತ್ತೆ: ಮಣ್ಣಿಗೊಂದು ಸೆನ್ಸರ್, ಒಂದು ಆರ್ಡುಯಿನೊ, ಒಂದು ರಿಲೇ, ಮುಗೀತು. ಡ್ರಿಪ್‌ನಿಂದ ಎಕರೆಗೆ 15 ಲಕ್ಷ ಲೀಟರ್ ಉಳಿಯುತ್ತೆ ಅನ್ನೋದು ಮೇಲಿನ ಲೆಕ್ಕದಲ್ಲೇ ಇದೆ. ಆದರೆ ಉಳಿದ ನೀರು ಎಲ್ಲಿ ಹೋಗುತ್ತೆ? ಬೋರಿನಲ್ಲೇ ಉಳಿದರೆ ಉಳಿತಾಯ. ಅದೇ ನೀರಿಗೆ ಪಕ್ಕದ ಮುಕ್ಕಾಲು ಎಕರೆ ಮೆಕ್ಕೆಜೋಳದ ಹೊಲ ತೋಟ ಆದರೆ, ನೆಲದಿಂದ ತೆಗೆದ ನೀರು ಮೊದಲಿನಷ್ಟೇ, ಮೇಲಾಗಿ ಏಪ್ರಿಲ್‌ನಲ್ಲಿ ಕಾಯಬೇಕಾದ ಮರಗಳು ಜಾಸ್ತಿ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಹಾಗಾಗಿ ಕಮ್ಮಿ ಎತ್ತಿದರೆ ಬಿಲ್ಲಿನಲ್ಲಿ ಉಳಿಯುತ್ತೆ ಅನ್ನೋ ಲಗಾಮೂ ಇಲ್ಲ. ಇದು ನಮ್ಮೂರಿನದ್ದೇ ಕಥೆಯಲ್ಲ. ಅಮೆರಿಕದ ಕಾನ್ಸಾಸ್‌ನಲ್ಲಿ ಒಗಲಾಲಾ ಅಂತರ್ಜಲ ಉಳಿಸೋಕೆ ಅಂತ ಸುಧಾರಿತ ಸ್ಪ್ರಿಂಕ್ಲರ್‌ಗಳಿಗೆ ಸಬ್ಸಿಡಿ ಕೊಟ್ಟರು. ಆಮೇಲೆ ಅಧ್ಯಯನ ಮಾಡಿದಾಗ ನೀರೆತ್ತೋದು ಕಮ್ಮಿ ಆಗುವ ಬದಲು ಸ್ವಲ್ಪ ಜಾಸ್ತಿಯೇ ಆಗಿತ್ತು. ಅದೇ ಕಾನ್ಸಾಸ್‌ನ ಶೆರಿಡನ್ ಕೌಂಟಿಯ ಒಂದು ಭಾಗದಲ್ಲಿ ರೈತರೇ ಕೂತು, 2013ರಿಂದ ಐದು ವರ್ಷಕ್ಕೆ ಒಟ್ಟು ಇಷ್ಟೇ ನೀರೆತ್ತಬೇಕು, ಅಂದ್ರೆ ಶೇ. 20ರಷ್ಟು ಕಡಿತ ಅಂತ ತಮಗೆ ತಾವೇ ಮಿತಿ ಹಾಕಿಕೊಂಡರು. ಅಲ್ಲಿ ಕಮ್ಮಿ ಆಯ್ತು. ಯಂತ್ರ ಎರಡೂ ಕಡೆ ಇತ್ತು, ಒಪ್ಪಂದ ಒಂದೇ ಕಡೆ ಇತ್ತು.

ನಮ್ಮ ಹತ್ತಿರದ ಉದಾಹರಣೆ ಮಹಾರಾಷ್ಟ್ರದ ಹಿವರೆ ಬಜಾರ್. ಅಲ್ಲಿ ಆ ವರ್ಷದ ಮಳೆ ಮತ್ತು ಬಾವಿಗಳ ಮಟ್ಟ ನೋಡಿ, ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಮಾಡಿ, ಯಾವ ಬೆಳೆ ಎಷ್ಟು ಅಂತ ತೀರ್ಮಾನಿಸ್ತಾರೆ. ನೀರಾವರಿಗೆ ಬೋರ್‌ವೆಲ್ ಬೇಡ ಅಂತಲೂ ಊರವರೇ ನಿಯಮ ಮಾಡಿಕೊಂಡಿದ್ದಾರೆ. ಶಿಕಾರಿಪುರದಲ್ಲಿ ಇದನ್ನ ಹಾಗೇ ತರೋಕಾಗಲ್ಲ, ಈಗಾಗಲೇ ನೆಟ್ಟ ಮರಗಳಿವೆ. ಆದರೆ ಬಜೆಟ್ ಅನ್ನೋ ಅಭ್ಯಾಸ ತರಬಹುದು.

ಹಾಗಾದ್ರೆ ಕೆರೆಯ ಗತಿ? ನೀರು ಬೋರಿನಿಂದ ಬರುತ್ತೆ ಅಂದಮೇಲೆ ಕೆರೆ ಯಾರಿಗೂ ಬೇಡದ ವಸ್ತು ಆಗುತ್ತೆ. ಬಿತ್ತುವಟ್ಟದ ಮಾತು ನೆನಪಿದೆಯಲ್ಲ? ಲಾಭ ಕೆರೆಯಿಂದ ಬರೋವರೆಗೆ ಹೂಳೆತ್ತೋಕೆ ಜನ ಬರ್ತಿದ್ದರು. ಈಗಲೂ ಲಾಭ ಕೆರೆಯಿಂದಲೇ ಬರುತ್ತಿದೆ, ಆದರೆ ಕಣ್ಣಿಗೆ ಕಾಣದ ದಾರಿಯಲ್ಲಿ, ಇಂಗಿ, ಬೋರಿನ ಮೂಲಕ. 10 ಎಕರೆಯ ಒಂದು ಕೆರೆ, ಸರಾಸರಿ ಆಳ ಒಂದೂವರೆ ಮೀಟರ್ ಅಂತ ತಗೊಳ್ಳಿ: 6 ಕೋಟಿ ಲೀಟರ್. ಅದರಲ್ಲಿ 30 ಸೆಂ.ಮೀ. ಹೂಳು ತುಂಬಿದರೆ 1.2 ಕೋಟಿ ಲೀಟರ್ ಜಾಗ ಹೋಯ್ತು. ಅದು ಆರು ಎಕರೆ ಅಡಿಕೆಯ ಇಡೀ ಬೇಸಿಗೆಯ ಡ್ರಿಪ್ ನೀರು. ತೆಗೆಯಬೇಕಾದ ಮಣ್ಣು ಸುಮಾರು 12,000 ಘನ ಮೀಟರ್, ಟ್ರ್ಯಾಕ್ಟರ್ ಟ್ರೇಲರ್‌ಗೆ 3 ಘನ ಮೀಟರ್ ಹಿಡಿದರೆ 4,000 ಲೋಡ್. ಒಂದು ವರ್ಷದಲ್ಲಿ ಒಬ್ಬರಿಂದ ಆಗದ ಕೆಲಸ, ಊರು ಸೇರಿ ವರ್ಷಕ್ಕಿಷ್ಟು ಅಂತ ಹಿಡಿದರೆ ಆಗುವ ಕೆಲಸ. ಹೂಳು ತೋಟಕ್ಕೆ ಒಳ್ಳೇ ಮಣ್ಣೂ ಹೌದು.

ಈಗ ದೊಡ್ಡ ಯೋಜನೆಗಳೂ ಬಂದಿವೆ. ಉಡುಗಣಿ-ತಾಳಗುಂದ-ಹೊಸೂರು ಏತ ನೀರಾವರಿಯಲ್ಲಿ ತುಂಗಭದ್ರೆಯ ನೀರೆತ್ತಿ ಶಿಕಾರಿಪುರದ ಕೆರೆಗಳಿಗೆ ತುಂಬಿಸೋದು, ಸೊರಬದ ಕಡೆ ಮೂಡಿ ಏತ ನೀರಾವರಿ. ಇವು ಬೇಡ ಅನ್ನೋಕೆ ನಾವ್ಯಾರು? ಕೆರೆಗೆ ನೀರು ಬಂದರೆ ಸುತ್ತಲ ಬೋರಿಗೂ ಬರುತ್ತೆ. ಆದರೆ ಒಂದು ಲೆಕ್ಕ ಹಾಕಲೇಬೇಕು. ನಮ್ಮ 6 ಕೋಟಿ ಲೀಟರ್ ಕೆರೆಯನ್ನ 60 ಮೀಟರ್ ಎತ್ತಿ ಒಂದು ಸಲ ತುಂಬಿಸೋಕೆ, ಪಂಪಿನ ದಕ್ಷತೆ ಶೇ. 60 ಅಂದುಕೊಂಡರೆ, 16,000 ಯೂನಿಟ್ ಕರೆಂಟ್ ಬೇಕು. ಹಳ್ಳ ಒತ್ತುವರಿಯಾಗದೆ ತೆರೆದಿದ್ದರೆ ಇದೇ ಕೆಲಸವನ್ನ ಮಳೆ ಸೊನ್ನೆ ಯೂನಿಟ್‌ನಲ್ಲಿ ಮಾಡುತ್ತೆ. ಪೈಪಿನ ನೀರು ಬಂತು ಅಂತ ಹಳ್ಳ ಮುಚ್ಚಿಬಿಟ್ಟರೆ ಅದಕ್ಕಿಂತ ದುಬಾರಿ ಕೆಲಸ ಇನ್ನೊಂದಿಲ್ಲ.

ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ವಿಜಯನಗರ ಶಾಸನ ಇದೆ. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗಿರೋ ಆರು ದೋಷ ಅಂತ ಪಟ್ಟಿ ಮಾಡಿದ್ದಾರೆ. ಏರಿ ಸೋರೋದು, ಚೌಳು ಮಣ್ಣು ಇವೆಲ್ಲ ನಾವು ಊಹಿಸಬಹುದಾದ ದೋಷಗಳು. ಪಟ್ಟಿಯಲ್ಲಿ ಇನ್ನೊಂದಿದೆ: ನೀರು ಕಮ್ಮಿ, ಅದರ ಕೆಳಗೆ ಸಾಗುವಳಿಯ ಜಮೀನು ಜಾಸ್ತಿ. ಕೆರೆ ಗಟ್ಟಿಮುಟ್ಟಾಗಿದ್ದರೂ ಅದು ದೋಷವೇ. ಶಿಕಾರಿಪುರ, ಸೊರಬದ ಇವತ್ತಿನ ಬೋರುಗಳಿಗೂ ಈ ದೋಷ ಹತ್ತಿದೆ, ಮತ್ತೆ ಇದಕ್ಕೆ ಸಿಮೆಂಟಿನಲ್ಲಿ ರಿಪೇರಿ ಇಲ್ಲ. ಜಮೀನಿನ ಕಡೆಯಿಂದಲೇ ಸರಿಮಾಡಬೇಕು: ಹೊಸ ತೋಟ ಎಷ್ಟು ಅಂತ ಬೋರಿನ ಡಿಸೆಂಬರ್ ನೀರು ನೋಡಿ ನೆಡದೆ, ಏಪ್ರಿಲ್ ನೀರು ನೋಡಿ ನೆಡೋದು. ಇದ್ದ ತೋಟದ ಬುಡಕ್ಕೆ ಸೊಪ್ಪು, ಅಡಿಕೆ ಸೋಗೆ ಮುಚ್ಚೋದು. ಬಸಿಗಾಲುವೆಯ ನೀರನ್ನ ನೇರ ಹಳ್ಳಕ್ಕೆ ಬಿಡದೆ ತೋಟದ ತಗ್ಗಿನ ಮೂಲೆಯ ಇಂಗುಗುಂಡಿಗೆ ತಿರುಗಿಸೋದು. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಮಳೆ ನೀರು ಸರಿ. ಬೋರಿನ ನೀರು ತುಂಬಿಸಿಟ್ಟರೆ ಮಾತ್ರ ನೆಲದ ತಂಪಿನಲ್ಲಿದ್ದದ್ದನ್ನ ತೆಗೆದು ಬಿಸಿಲಿಗಿಟ್ಟ ಹಾಗೆ.

ಏಪ್ರಿಲ್ ನೀರು ಎಷ್ಟು ಅಂತ ಗೊತ್ತಾಗಬೇಕಾದ್ರೆ ಅಳೀಬೇಕು, ಇಲ್ಲಿ ನಾವು ಕೆಲಸಕ್ಕೆ ಬರ್ತೀವಿ. ಈ ಸಲ ರಜೆಗೆ ಊರಿಗೆ ಹೋದಾಗ 20 ಲೀಟರ್‌ನ ಒಂದು ಬಕೆಟ್ ತಗೊಂಡು ಮನೆಯವರದ್ದೋ ನೆಂಟರದ್ದೋ ಬೋರಿನ ಹತ್ತಿರ ಹೋಗಿ. ಮೋಟ್ರು ಹಾಕಿ ಅರ್ಧ ಗಂಟೆ ಬಿಡಿ, ಮೊದಲ ನೀರು ಕೊಳವೆಯಲ್ಲಿ ನಿಂತದ್ದು, ಅದು ಲೆಕ್ಕಕ್ಕಿಲ್ಲ. ಆಮೇಲೆ ಪೈಪಿನ ಬಾಯಿಗೆ ಬಕೆಟ್ ಹಿಡಿದು ಫೋನಿನ ಸ್ಟಾಪ್‌ವಾಚ್ ಒತ್ತಿ. ಮೂರು ಸಲ ಮಾಡಿ ಸರಾಸರಿ ತೆಗೆಯಿರಿ. 25 ಸೆಕೆಂಡಿಗೆ ತುಂಬಿದರೆ ಎರಡು ಇಂಚು. 51 ಸೆಕೆಂಡ್ ಆದರೆ ಒಂದೂವರೆ. ತಾರೀಖಿನ ಜೊತೆ ಪಂಪ್ ಮನೆಯ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬನ್ನಿ, ಏಪ್ರಿಲ್‌ನಲ್ಲಿ ಮತ್ತೊಂದು ಸಲ ಅಳೆಯಿರಿ. ಎರಡೂ ಅಂಕಿ ಕನ್ನಡ ಸಂಘದ ಗ್ರೂಪಿಗೆ ಕಳಿಸಿದರೆ, ಊರಿನ ಹೆಸರು ಸಾಕು, ರೈತರ ಹೆಸರು ಬೇಡ, ಮುಂದಿನ ಸಂಚಿಕೆಗೆ ಒಂದು ನಕ್ಷೆ ಮಾಡ್ತೀವಿ.